ಮೇನ್ ರಾಜ್ಯದ ರಂಗಸ್ವಾಮಿ ಅಂಕಲ್

'ನಿಮ್ಮದು ಯಾವೂರು?' ಎಂದು ಯಾರಾದರೂ ಕೇಳಿದರೆ ರಂಗಸ್ವಾಮಿ ಅಂಕಲ್ ಮೈಸೂರು ಎನ್ನುತ್ತಿರಲಿಲ್ಲ. ಹುಟ್ಟಿದ್ದು, ಓದಿದ್ದು, ಮದುವೆಯಾಗಿದ್ದು ಎಲ್ಲ ಅಲ್ಲೇ ಆದರೂ ಎದೆಯನ್ನು ಒಂದಿಷ್ಟು ಮುಂದೆ ಮಾಡಿ 'ಮೇನ್' ಎನ್ನುತ್ತಿದ್ದರು. ಸಿಂಗಪುರದ ಸೆಂಗ್‌ಕಾಂಗಿನ ನಮ್ಮ ಬ್ಲಾಕಿಗೆ ಹೊಸದಾಗಿ ಬಂದ ಬೆಂಗಳೂರಿನವರಿಗೆ ಗೊಂದಲವಾಗುತ್ತಿತ್ತು. 'ಎಷ್ಟನೇ ಮೇನು ಅಂಕಲ್? ಜಯನಗರಾನಾ, ಮಲ್ಲೇಶ್ವರಾನಾ?' ಎಂದು ಕೇಳುತ್ತಿದ್ದರು. ಈ ಪ್ರಶ್ನೆಗಾಗಿಯೇ ಅವರು ಕಾದಿರುತ್ತಿದ್ದರು.

'ಮೇನೂ ಇಲ್ಲ, ಕ್ರಾಸೂ ಇಲ್ಲ ಕಣಪ್ಪ. ಅಮೆರಿಕಾ ಮ್ಯಾಪ್ ತಗೊ. ಬಲಗಡೆ ಮೇಲ್ತುದಿ. ಕೆನಡಾದೊಳಕ್ಕೆ ತಲೆ ತೂರಿಸಿಕೊಂಡು ಕೂತಿದೆಯಲ್ಲ, ಆ ರಾಜ್ಯ. ಬರೀ ಕಾಡು. ಇಡೀ ದೇಶದಲ್ಲಿ ನೆಲದ ಅಷ್ಟು ಪಾಲು ಕಾಡಿರೋ ರಾಜ್ಯ ಇನ್ನೊಂದಿಲ್ಲ.'

ಅಲ್ಲಿಂದ ಮುಂದೆ ಲಿಫ್ಟ್ ಎಷ್ಟು ಸಲ ಬಂದು ಬಾಗಿಲು ತೆರೆದು ಹೋದರೂ ಕೇಳಿದವರಿಗೆ ಬಿಡುಗಡೆಯಿರಲಿಲ್ಲ.

ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಅವರ ಮನೆ. ಮಗಳು ಮೇಘಾ ನನ್ನ ಹಾಗೆಯೇ ಐ.ಟಿ. ಕೆಲಸದವಳು, ಅಪ್ಪ ಅಮ್ಮನನ್ನು ಅಮೆರಿಕಾದಿಂದ ತನ್ನ ಬಳಿಗೆ ಕರೆಸಿಕೊಂಡಿದ್ದಳು. ಅಂಕಲ್ ನೀಳ ದೇಹದವರು, ಸ್ವಲ್ಪ ಬಾಗಿದ ಬೆನ್ನು, ಬಿಳಿಯ ಕುರುಚಲು ಗಡ್ಡ. ನಾವೆಲ್ಲ ತೆಳು ಬನಿಯನ್ನಿನಲ್ಲೂ ಬೆವರುವ ಊರಿನಲ್ಲಿ ಅವರು ಕೆಂಪು-ಕಪ್ಪು ಚೌಕುಳಿಯ ದಪ್ಪ ಅಂಗಿ ತೊಟ್ಟು ತಿರುಗುತ್ತಿದ್ದರು. 'ಸೆಕೆ ಆಗಲ್ವಾ ಅಂಕಲ್?' ಎಂದರೆ, 'ಮರ ಕಡಿಯೋರ ಯೂನಿಫಾರ್ಮ್ ಇದು. ಸೆಕೆ ಅಂತ ಸಿಪಾಯಿ ಬಟ್ಟೆ ಬಿಚ್ತಾನೇನಮ್ಮ?' ಎನ್ನುತ್ತಿದ್ದರು. ಅವರೇನೂ ಮರ ಕಡಿದವರಲ್ಲ. ಅಲ್ಲಿನ ನದಿ ದಂಡೆಯ ಒಂದು ಪುಟ್ಟ ಊರಿನಲ್ಲಿ ಪೇಪರ್ ಮಿಲ್ ಇತ್ತು. ಮರದ ಚಕ್ಕೆಯನ್ನು ಬೇಯಿಸಿ ತಿರುಳು ತೆಗೆಯುವ ವಿಭಾಗಕ್ಕೆ ಇವರು ಇಂಜಿನಿಯರ್. ಮಿಲ್ ಮುಚ್ಚುವ ದಿನದವರೆಗೂ ಅಲ್ಲೇ ಇದ್ದರು.

ಆದರೆ ಆ ರಾಜ್ಯದ ಚರಿತ್ರೆ, ಭೂಗೋಳ ಎರಡನ್ನೂ ಅವರು ತಮ್ಮ ಮನೆತನದ ಕಥೆಯಂತೆ ಹೇಳುತ್ತಿದ್ದರು. ಇಂಗ್ಲೆಂಡಿನ ರಾಜ ತನ್ನ ಹಡಗುಗಳ ಪಟಸ್ತಂಭಕ್ಕೆಂದು ಅಲ್ಲಿನ ಅತಿ ಎತ್ತರದ ಬಿಳಿ ಪೈನ್ ಮರಗಳಿಗೆಲ್ಲ ಕೊಡಲಿಯಿಂದ ಬಾಣದ ಗುರುತು ಹೊಡೆಸಿದ್ದನಂತೆ. ಆ ಗುರುತು ಬಿದ್ದ ಮರ ಯಾರ ಜಮೀನಿನಲ್ಲಿದ್ದರೂ ರಾಜನದು. ಊರವರು ಕದ್ದು ಕಡಿಯುತ್ತಿದ್ದರು. ಅಂಥ ದಪ್ಪ ಮರದ ಅಗಲವಾದ ಹಲಗೆ ಮನೆಯಲ್ಲಿ ಕಂಡರೆ ಸಿಕ್ಕಿಬೀಳುತ್ತೇವೆಂದು ಒಂದಿಷ್ಟು ಕಿರಿದಾಗಿ ಕೊಯ್ದು ನೆಲಕ್ಕೆ ಹಾಸುತ್ತಿದ್ದರು. ಇದನ್ನು ಹೇಳುವಾಗ ಅವರ ಕಣ್ಣು ಮಿನುಗುತ್ತಿತ್ತು. 'ನಮ್ಮ ಮೈಸೂರಿನ ಕಥೇನೇ ಅಲ್ವೇನಮ್ಮ? ಗಂಧದ ಮರ ನಿನ್ನ ಹಿತ್ತಲಲ್ಲಿ ಹುಟ್ಲಿ, ನೀನೇ ನೀರು ಹಾಕು, ಮರ ಮಾತ್ರ ಮಹಾರಾಜರದ್ದು. ರಾಜರೆಲ್ಲ ಒಂದೇ ಗುರುಕುಲದಲ್ಲಿ ಓದಿದೋರು.'

ಒಮ್ಮೆ ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ, ಆ ವಾಯ್ಡ್ ಡೆಕ್‌ನಲ್ಲಿ, ಮಕ್ಕಳಿಗೆ ದಿಮ್ಮಿ ತೇಲಿಸುವುದನ್ನು ತೋರಿಸಹೊರಟರು. ಚಳಿಗಾಲವಿಡೀ ಕಡಿದ ಮರಗಳನ್ನು ನದಿಯ ದಂಡೆಯಲ್ಲಿ ರಾಶಿ ಹಾಕಿ, ಹಿಮ ಕರಗಿ ಹೊಳೆ ಉಕ್ಕಿದಾಗ ನೀರಿಗೆ ನೂಕುತ್ತಿದ್ದರಂತೆ. ಮೊಳೆ ಬಡಿದ ಬೂಟು ತೊಟ್ಟ ಗಂಡಸರು, ಕೈಯಲ್ಲಿ ಉದ್ದನೆಯ ಗಳ ಹಿಡಿದು, ಉರುಳುವ ದಿಮ್ಮಿಯಿಂದ ದಿಮ್ಮಿಗೆ ಹಾರುತ್ತ ಅವನ್ನು ಮಿಲ್ಲಿನವರೆಗೆ ಅಟ್ಟಿಕೊಂಡು ಬರುತ್ತಿದ್ದರಂತೆ. ಅಂಕಲ್ ಕೊಡೆಯನ್ನೇ ಗಳ ಮಾಡಿಕೊಂಡು ಒಂದು ಟೈಲ್ಸಿನಿಂದ ಇನ್ನೊಂದಕ್ಕೆ ಜಿಗಿದರು. ಮೂರನೆಯ ಜಿಗಿತಕ್ಕೆ ಮುಗ್ಗರಿಸಿ, ಚದುರಂಗ ಆಡುತ್ತಿದ್ದ ಚೀನೀ ತಾತಂದಿರ ಕಲ್ಲಿನ ಮೇಜಿಗೆ ಹೋಗಿ ಬಿದ್ದರು. ಕಾಯಿಗಳೆಲ್ಲ ಚೆಲ್ಲಾಪಿಲ್ಲಿ. ನನ್ನ ಮಗಳು ದಿಯಾ, 'ಅಂಕಲ್ ಫೆಲ್ ಇನ್ ದ ರಿವರ್ ಲಾ!' ಎಂದು ಕೂಗಿದಳು. ತಾತಂದಿರೂ ನಕ್ಕರು.

ನಗದೆ ಓಡಿ ಬಂದು ಅವರ ಮೊಣಕೈ ಉಜ್ಜಿದವರು ಲೀಲಾ ಆಂಟಿ ಒಬ್ಬರೇ.

ಲೀಲಾ ಆಂಟಿ ಮಡಿಕೇರಿ ಕಡೆಯವರು. ಗಿಡ್ಡ ದೇಹ, ಮೆಲುದನಿ, ಬಾಗಿಲಲ್ಲಿ ಸದಾ ಒಂದು ಲೋಟ ಮಜ್ಜಿಗೆ. ಗಂಡ ಯಾರನ್ನಾದರೂ ಹಿಡಿದು ನಿಲ್ಲಿಸಿಕೊಂಡಿದ್ದು ಕಂಡರೆ, 'ರೀ, ಬಿಡ್ರೀ ಅವರನ್ನ, ಕೈಲಿರೋ ಐಸ್‌ಕ್ರೀಂ ಕರಗ್ತಿದೆ ಪಾಪ' ಎನ್ನುತ್ತಿದ್ದರು. ಮೇನ್ ಬಗ್ಗೆ ಅವರು ಒಂದು ಮಾತೂ ಆಡಿದ್ದನ್ನು ನಾನು ಕೇಳಿರಲಿಲ್ಲ. ಒಮ್ಮೆ ನಾನೇ, 'ನಿಮಗೆ ಅಲ್ಲಿ ಹೇಗಿತ್ತು ಆಂಟಿ?' ಎಂದಿದ್ದೆ. ಅವರು ಬಾಯಿ ತೆರೆಯುವಷ್ಟರಲ್ಲಿ ಅಂಕಲ್, 'ಅಯ್ಯೋ, ಇವಳಿಗೆ ಚಳಿ ಅಂದ್ರೆ ಆಗ್ತಿರಲಿಲ್ಲಮ್ಮ, ಪಾಪ' ಎಂದು ಮಾತನ್ನು ಬೇರೆ ಕಡೆಗೆ ತಿರುಗಿಸಿದರು. ಆಂಟಿ ಮುಗುಳ್ನಕ್ಕು ಒಳಗೆ ಹೋದರು.

ಆ ತಿರುಗಿಸುವಿಕೆಯ ಹಿಂದೆ ಒಂದು ನೋವಿತ್ತು ಎನ್ನುವುದು ನನಗೆ ತಿಳಿದದ್ದು ಆಂಟಿ ಹೋದ ಮೇಲೆ. ಒಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದವರು ಕುಸಿದು ಬಿದ್ದರು. ಆಸ್ಪತ್ರೆಗೆ ಸೇರಿಸಿದ ಸಂಜೆಯೇ ತೀರಿಕೊಂಡರು. ಅಸ್ಥಿಯನ್ನು ಸಮುದ್ರದಲ್ಲಿ ಬಿಟ್ಟು ದೋಣಿಯಲ್ಲಿ ಮರಳುವಾಗ ಅಂಕಲ್ ನನ್ನ ಪಕ್ಕ ಕೂತಿದ್ದರು. ತಾವಾಗಿಯೇ ಹೇಳಿದರು.

'ಮೊದಲನೇ ಚಳಿಗಾಲದಲ್ಲೇ ಹೇಳಿದ್ಲಮ್ಮ ಅವಳು. ಇಲ್ಲಿ ಇರಕ್ಕಾಗಲ್ಲ, ಹೋಗೋಣ ನಡೀರಿ ಅಂತ. ಇನ್ನೊಂದು ವರ್ಷ ಅಂದೆ. ಮುಂದಿನ ವರ್ಷವೂ ಕೇಳಿದ್ಲು. ಇನ್ನೊಂದು ವರ್ಷ ಅಂದೆ. ಆಮೇಲೆ ಕೇಳೋದೇ ಬಿಟ್ಲು. ಕಿಟಕಿ ಪಕ್ಕ ಕೂತು ಹಿಮ ನೋಡ್ತಾ ಅವಳ ವಯಸ್ಸೆಲ್ಲ ಕಳೆದೋಯ್ತು. ನಿನಗೆ ಹೇಗಿತ್ತೇ ಅಂತ ನಾನು ಒಂದಿನಾನೂ ಕೇಳಲಿಲ್ಲ. ಕೇಳಿದ್ರೆ ಏನು ಹೇಳಿಬಿಡ್ತಾಳೋ ಅಂತ ಹೆದರಿಕೆ. ಅದಕ್ಕೇ ನಾನೇ ಮಾತಾಡ್ತಿದ್ದೆ.'

ತಿಂಗಳು ಕಳೆದಿರಬಹುದು. ಮೇಘಾ ಅಮ್ಮನ ಫೋಟೊ ಹಾಕಿ ಫೇಸ್‌ಬುಕ್ಕಿನಲ್ಲಿ ಬರೆದಿದ್ದನ್ನು ಮೇನ್‌ನ ಆ ಊರಿನವರು ನೋಡಿದ್ದರು. ತಮ್ಮ ಲೈಬ್ರರಿಯಲ್ಲಿ ಸೇರಿ ಲೀಲಾಳನ್ನು ನೆನೆಯುತ್ತೇವೆ, ನೀವೂ ವಿಡಿಯೋದಲ್ಲಿ ಬನ್ನಿ ಎಂದು ಕರೆ ಬಂತು. ನಮಗೆ ಊಟದ ಹೊತ್ತು, ಅವರಿಗೆ ಬೆಳಗಿನ ಕಾಫಿಯ ಹೊತ್ತು. ಅಂಕಲ್ ಟೈ ಕಟ್ಟಿಕೊಂಡಿದ್ದರು. ತಮ್ಮನ್ನೇ ಮಾತಾಡಿಸುತ್ತಾರೆಂದು ಮಿಲ್ಲಿನ ದಿನಗಳ ಬಗ್ಗೆ ಒಂದು ಪುಟ್ಟ ಭಾಷಣವನ್ನೇ ಸಿದ್ಧ ಮಾಡಿಕೊಂಡಿದ್ದರು. ಮೇಘಾ ಜೊತೆಗಿರಲು ನನ್ನನ್ನೂ ಕರೆದಿದ್ದಳು.

ತೆರೆಯ ಮೇಲೆ ಗಂಡಸರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಮುದುಕಿಯರು, ಸ್ವೆಟರ್ ತೊಟ್ಟು ಸಾಲಾಗಿ ಕೂತಿದ್ದರು. ಒಬ್ಬೊಬ್ಬರಾಗಿ ಎದ್ದು ನಿಂತು ಲೀಲಾ ಬಗ್ಗೆ ಹೇಳಿದರು. ಲೀಲಾ ವಾರವಾರ ನಮ್ಮ ಹೊಲಿಗೆ ಗುಂಪಿಗೆ ಬರುತ್ತಿದ್ದಳು. ಮಿಲ್ಲಿನಲ್ಲಿ ಮೊದಲ ಸಲ ಜನರನ್ನು ಕೆಲಸದಿಂದ ತೆಗೆದಾಗ, ಚಳಿಗೆ ಮನೆ ಬೆಚ್ಚಗಿಡಲು ಉರಿಸುವ ಎಣ್ಣೆಯನ್ನೂ ಕೊಳ್ಳಲಾಗದ ಮನೆಗಳ ಮುದುಕರನ್ನು ಇದೇ ಲೈಬ್ರರಿಗೆ ಕರೆತಂದು ಕೂರಿಸಿ ಸಾರು ಕುಡಿಸಿದವಳು ಲೀಲಾ. ಮೆಣಸು ಹಾಕಿದ ಆ ಸಾರಿಗೆ ನಾವು ಅಳುತ್ತಿದ್ದೆವು, ಆದರೂ ಇನ್ನೊಂದು ಲೋಟ ಕೇಳುತ್ತಿದ್ದೆವು. ಎಲ್ಲರೂ ನಕ್ಕರು. ಅಂಕಲ್ ಮೇಘಾಳ ಕಡೆ ತಿರುಗಿ, 'ಯಾವಾಗ ಇದು?' ಎಂದು ಪಿಸುಗುಟ್ಟಿದರು. 'ದಿನಾ ನೀವು ಮಿಲ್ಲಿಗೆ ಹೋದ ಮೇಲಪ್ಪ' ಎಂದಳು ಮೇಘಾ.

ಕೊನೆಗೆ ಎದ್ದವಳು ಕ್ಲೇರ್. ಅಂಕಲ್‌ಗೆ ಅವಳು ಎದುರು ಮನೆಯ ವಿಧವೆ, ಕಾರು ತೆಗೆಯುವಾಗ ಕೈ ಬೀಸುವಷ್ಟು ಪರಿಚಯ. ಕ್ಲೇರ್ ಹೇಳಿದ್ದು ಇಷ್ಟು. ಅವಳ ಅಜ್ಜ ಅಜ್ಜಿ ಕೆನಡಾದ ಕ್ವಿಬೆಕ್‌ನಿಂದ ಮಿಲ್ಲಿನ ಕೆಲಸಕ್ಕೆಂದು ಬಂದವರು, ಮನೆಯಲ್ಲಿ ಫ್ರೆಂಚ್. ಶಾಲೆಯಲ್ಲಿ ಒಂದು ಫ್ರೆಂಚ್ ಮಾತು ಬಾಯಿಂದ ಬಿದ್ದರೂ ಮೇಡಂ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಆ ನಾಚಿಕೆಗೆ ಅವಳು ತನ್ನ ಮಕ್ಕಳಿಗೂ ಆ ಭಾಷೆ ಕಲಿಸಲಿಲ್ಲ. ಗಂಡ ಸತ್ತ ಮೇಲೆ ಮಾತಾಡಲು ಯಾರೂ ಉಳಿಯಲಿಲ್ಲ. 'ಆಗ ಎದುರು ಮನೆಯ ಈ ಪುಟ್ಟ ಹೆಂಗಸು ಬಂದು, ನಿನ್ನ ಮನೆ ಮಾತು ನನಗೆ ಕಲಿಸು, ನನ್ನದು ನಾನು ನಿನಗೆ ಕಲಿಸುತ್ತೇನೆ ಅಂದಳು. ನನ್ನ ಅಡುಗೆಮನೆಯಲ್ಲಿ ಕೂತು ಫ್ರೆಂಚ್ ಕಲಿತಳು. ಮಿಲ್ ಮುಚ್ಚಿ ನೀವು ಹೊರಟಾಗ ಅದೇ ಮೇಜಿಗೆ ತಲೆಯಿಟ್ಟು ಅತ್ತಳು. ಅವಳಿಗೆ ಹೋಗಲು ಮನಸ್ಸಿರಲಿಲ್ಲ.'

ಫ್ರೆಂಚರು ರೈಲು ಹತ್ತಿ ಬಂದದ್ದು, ಶಾಲೆಗಳಲ್ಲಿ ಅವರ ಬಾಯಿ ಕಟ್ಟಿದ್ದು, ಇದನ್ನೆಲ್ಲ ಅಂಕಲ್ ನಮಗೆ ಎಷ್ಟು ಸಲ ಹೇಳಿದ್ದರೋ. ಈಗ ಅವರ ಬೆರಳುಗಳು ಟೈನ ತುದಿಯನ್ನು ಸುತ್ತುತ್ತಿದ್ದವು.

ಕ್ಲೇರ್ ತೆರೆಯ ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು, ಪಾಠ ಒಪ್ಪಿಸುವವಳಂತೆ ಒಂದೊಂದೇ ಅಕ್ಷರ ಬಿಡಿಸಿ ಕೇಳಿದಳು: 'ಊಟ ಆಯ್ತಾ?'

ಅಂಕಲ್ ಎದ್ದು ಬಾಲ್ಕನಿಯ ಕಡೆ ಹೋದರು. ಸಿದ್ಧಪಡಿಸಿದ ಭಾಷಣವನ್ನು ಅವರು ಮಾಡಲಿಲ್ಲ. ಮೇಘಾಳೇ ಎಲ್ಲರಿಗೂ ವಂದಿಸಿ ಮುಗಿಸಿದಳು.

ಅಂದಿನಿಂದ ಅವರು ಬದಲಾದರು. ಲಿಫ್ಟಿನ ಬಳಿ ಸಿಕ್ಕರೆ ಪೈನ್ ಮರವಿಲ್ಲ, ರಾಜನಿಲ್ಲ. 'ಲೀಲಾ ನಿನ್ನ ಹತ್ರ ಏನು ಮಾತಾಡ್ತಿದ್ಲಮ್ಮ?' ಎಂದು ಕೇಳುತ್ತಿದ್ದರು. ನಾನು ನೆನಪು ಮಾಡಿಕೊಂಡು ಹೇಳುತ್ತಿದ್ದೆ. ದಿಯಾಳ ಕೂದಲಿಗೆ ಎಣ್ಣೆ ಹಚ್ಚಿದ್ದು, ನನಗೆ ಕೆಲಸ ಹೋಗುವ ಭಯವಿದ್ದಾಗ ಬಂದು ಸುಮ್ಮನೆ ಅವರೆಕಾಯಿ ಸುಲಿಯುತ್ತ ಕೂತಿದ್ದು. 'ಏನೂ ಹೇಳಲಿಲ್ವಾ?' 'ಇಲ್ಲ ಅಂಕಲ್, ಸುಮ್ನೆ ಕೂತಿದ್ರು.' ಅದನ್ನೂ ಅವರು ಗಮನವಿಟ್ಟು ಕೇಳುತ್ತಿದ್ದರು.

ಒಂದು ಶನಿವಾರ ಪಕ್ಕದ ಹೌಗಾಂಗಿನ ಮಾರ್ಕೆಟ್ಟಿಗೆ ನನ್ನ ಜೊತೆ ಬಂದರು. ಆಂಟಿ ಸೊಪ್ಪು ತರುತ್ತಿದ್ದ ಅಂಗಡಿ ನನಗೆ ಗೊತ್ತಿತ್ತು. ತಲೆಗೆ ಬಟ್ಟೆ ಸುತ್ತಿದ ಮಲಯ ಹೆಂಗಸು ನನ್ನ ಗುರುತು ಹಿಡಿದು, 'ಲೀಲಾ ಅಕ್ಕ ಎಲ್ಲಿ? ತುಂಬಾ ದಿನದಿಂದ ಬಂದಿಲ್ಲ' ಎಂದು ಹರಕು ಇಂಗ್ಲಿಷಿನಲ್ಲಿ ಕೇಳಿದಳು. ನಾನು ವಿಷಯ ಹೇಳಿದೆ. ಅವಳು ಎರಡೂ ಕೈಯನ್ನು ಎದೆಗೊತ್ತಿಕೊಂಡಳು. ಆಮೇಲೆ ಬುಟ್ಟಿಯಿಂದ ತುದಿ ಸುರುಳಿ ಸುತ್ತಿದ ಹಸಿರು ದಂಟಿನ ಕಟ್ಟೊಂದನ್ನು ಎತ್ತಿ ತೋರಿಸಿದಳು. ಜರಿಗಿಡದ ಚಿಗುರು, ಇಲ್ಲಿ ಪಾಕು ಎನ್ನುತ್ತಾರೆ.

'ಅಕ್ಕ ಪ್ರತಿ ವಾರ ಇದೇ. ನನಗೆ ಮಲಯದಲ್ಲಿ ಕಥೆ ಹೇಳ್ತಿದ್ದರು. ಇದು ನನ್ನ ಅಮ್ಮನ ಕಾಡಲ್ಲಿ ಉಂಟು, ನಿಮ್ಮ ಕಾಡಲ್ಲಿ ಉಂಟು, ಹಿಮ ಬೀಳೋ ಕಾಡಲ್ಲೂ ಉಂಟು. ಹಿಮ ಹೋದ ಕೂಡಲೇ ನದಿ ಪಕ್ಕ ತಲೆ ಎತ್ತುತ್ತೆ, ಗೆಳತಿಯರ ಜೊತೆ ಹೋಗಿ ಕೀಳ್ತಿದ್ದೆ ಅಂತ.'

'ಮಲಯದಲ್ಲಾ?' ಎಂದರು ಅಂಕಲ್.

'ಮಲಯದಲ್ಲಿ. ಚೆನ್ನಾಗಿ ಮಾತಾಡ್ತಿದ್ದರು.'

ಕಟ್ಟನ್ನು ಹಿಡಿದುಕೊಂಡು ಅವರು ಬಸ್ಸಿನಲ್ಲಿ ನನ್ನ ಪಕ್ಕ ಕೂತರು. 'ವಾರವಾರ ತಿಂದಿದೀನಿ ಇದನ್ನ. ಯಾವ್ದೋ ಸೊಪ್ಪಿನ ಪಲ್ಯ ಅಂದ್ಕೊಂಡಿದ್ದೆ' ಎಂದರು. ಇಳಿಯುವ ಹೊತ್ತಿಗೆ, 'ಮಾಡೋದು ಹೇಗೆ?' ಎಂದರು.

ನಾನು ಮೈಸೂರಿನವಳು, ನನಗೂ ಗೊತ್ತಿಲ್ಲ. ಅಂಕಲ್ ಮನೆಗೆ ಬಂದು ಮಧ್ಯಾಹ್ನವೆಲ್ಲ ಕಾದು, ಅಲ್ಲಿ ಬೆಳಗಾದ ಮೇಲೆ ಕ್ಲೇರ್‌ಗೆ ಫೋನ್ ಮಾಡಿದರು. ಲೀಲಾ ಮಾಡುತ್ತಿದ್ದುದನ್ನು ನೋಡಿದ್ದ ಅವಳು ಹೇಳಿಕೊಟ್ಟಳು: ನೀರಲ್ಲಿ ಕುದಿಸಿ, ಆ ನೀರು ಚೆಲ್ಲಿ, ಮತ್ತೆ ಕುದಿಸು. ಆಮೇಲೆ ಆ ಸಿಡಿಯುವ ಪುಟ್ಟ ಕಪ್ಪು ಕಾಳು ಹಾಕು. ಸಾಸಿವೆ, ಎಂದೆ ನಾನು. ಹೌದು, ಸಾಸಿವೆ, ಎಂದಳು ಕ್ಲೇರ್. ಕೊಡಗಿನವರು ತೆರ್ಮೆ ಎನ್ನುವ ಈ ಚಿಗುರಿನ ಪಲ್ಯವನ್ನು ಒಬ್ಬ ಮೈಸೂರಿನ ಗಂಡಸಿಗೆ ಫ್ರೆಂಚ್ ಅಮೆರಿಕನ್ ಮುದುಕಿ ಹೇಳಿಕೊಟ್ಟು ಮಾಡಿಸಿದ್ದು ಹೀಗೆ. ಉಪ್ಪು ಜಾಸ್ತಿಯಾಗಿತ್ತು. ಅಂಕಲ್ ಪೂರ್ತಿ ತಿಂದರು.

ಆಮೇಲೆ ಶನಿವಾರ ಬಂತೆಂದರೆ ಕ್ಲೇರ್‌ಗೆ ಫೋನ್. ಅವಳು ಒಂದು ಕಥೆ ಹೇಳುವಳು, ಇವರು ಕೇಳುವರು. ಒಮ್ಮೆ ನಾನು ಹೋದಾಗ ಫೋನ್ ಕೆಳಗಿಟ್ಟು ಹೇಳಿದರು: 'ಲೀಲಾ ಕೇಳೋದು ಬಿಟ್ಟಿದ್ದು ಸೋತು ಅಲ್ಲಮ್ಮ. ಹೋಗೋದು ಬೇಡ ಅನ್ನಿಸಿ ಬಿಟ್ಟಿದ್ಲು. ಅವಳಿಗೆ ಅಲ್ಲಿ ಒಂದು ಊರೇ ಇತ್ತು. ಮಿಲ್ ಮುಚ್ಚಿದಾಗ ನಾನು, ಇನ್ನು ನಿನ್ನನ್ನ ಬೆಚ್ಚಗಿರೋ ಕಡೆ ಕರ್ಕೊಂಡೋಗ್ತೀನಿ ಕಣೇ ಅಂತ ದೊಡ್ಡ ಉಪಕಾರದ ಥರ ಹೇಳಿದೆ. ಸರಿ, ಹೊರಡೋಣ ಅಂದ್ಲು. ಅಷ್ಟೇ. ಒಂದು ಮಾತು ಬಾಯಿ ಬಿಟ್ಟಿದ್ರೆ ನಾನು ಅಲ್ಲೇ ಇದ್ದುಬಿಡ್ತಿದ್ದೆ. ನಾನೂ ಅವಳಿಗೋಸ್ಕರ ಬಂದೆ, ಅವಳೂ ನನಗೋಸ್ಕರ ಬಂದ್ಲು.'

ಆಮೇಲೆ, 'ಇಷ್ಟು ವರ್ಷ ಸಂಸಾರ ಮಾಡಿದೆ. ಪರಿಚಯ ಈಗ ಆಗ್ತಿದೆ' ಎಂದರು.

ಮರುವರ್ಷ ಅಲ್ಲಿ ಹಿಮ ಕರಗುವ ಹೊತ್ತಿಗೆ ಅಂಕಲ್ ಹೊರಟು ನಿಂತರು. ಎದೆಯಲ್ಲಿ ಸ್ಟೆಂಟ್ ಇತ್ತು, ಡಾಕ್ಟರಿಗೆ ಇಷ್ಟವಿರಲಿಲ್ಲ. ಮೇಘಾ ಬೈದಳು, ಅತ್ತಳು, ಆಮೇಲೆ ತಾನೇ ಟಿಕೆಟ್ ಬುಕ್ ಮಾಡಿದಳು. ಹೊರಡುವ ದಿನ ಟ್ಯಾಕ್ಸಿಗೆ ಕಾಯುತ್ತ ವಾಯ್ಡ್ ಡೆಕ್‌ನಲ್ಲಿ ಕೂತಿದ್ದರು. ಕೈಚೀಲದಲ್ಲಿ ಒಂದು ಕಿಲೋ ಸಾಸಿವೆ, ಕ್ಲೇರ್‌ಗೆ.

'ಹೋಗಿ ಏನು ಮಾಡ್ತೀರಿ ಅಂಕಲ್?' ಎಂದೆ.

'ಲೈಬ್ರರೀಲಿ ಲೀಲಾ ಕೂರ್ತಿದ್ದ ಕುರ್ಚಿ ಯಾವ್ದು ಅಂತ ಕ್ಲೇರು ತೋರಿಸ್ತಾಳಂತೆ. ಅದರ ಪಕ್ಕದಲ್ಲಿ ಒಂದಷ್ಟು ದಿನ ಕೂತು ಬರ್ತೀನಿ.' ಟ್ಯಾಕ್ಸಿ ಬಂತು. ದಿಯಾ ಚೀಲ ಎತ್ತಿಕೊಡಲು ಹೋದಳು. ಅವಳ ತಲೆ ಸವರಿ, ಬಾಗಿಲು ಹಾಕಿಕೊಂಡರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಮೂರು ವಾರಕ್ಕೆಂದು ಹೋದವರು ವಾಪಸಾಗುವ ದಿನ ಮುಂದೂಡಿದರು, ಮತ್ತೆ ಮುಂದೂಡಿದರು. ಒಂದು ಬೆಳಿಗ್ಗೆ ಕ್ಲೇರ್ ಮನೆಯ ಜಗಲಿಯಲ್ಲಿ, ಲೈಬ್ರರಿಗೆ ಹೊರಡಲೆಂದು ಬೂಟಿನ ದಾರ ಕಟ್ಟಿಕೊಳ್ಳುತ್ತ ಕೂತವರು ಹಾಗೆಯೇ ಗೋಡೆಗೆ ಒರಗಿದರಂತೆ. ಮೇಘಾ ಹೋಗಿ ಅಲ್ಲೇ ಎಲ್ಲ ಮುಗಿಸಿ, ಅಸ್ಥಿಯನ್ನು ಅಲ್ಲಿನ ನದಿಗೆ ಬಿಟ್ಟು ಬಂದಳು. ಬಂದ ದಿನ ನಮ್ಮ ಮನೆಯ ಊಟದ ಮೇಜಿನ ಮುಂದೆ ಕೂತು, ಅನ್ನ ಕಲಸುತ್ತಲೇ ಇದ್ದಳು, ತಿನ್ನಲಿಲ್ಲ.

'ಅಪ್ಪ ಅಲ್ಲಿ ಏನು ಮಾಡ್ತಿದ್ರು ಗೊತ್ತಾ? ದಿನಾ ಆ ಮುದುಕಿಯರ ಹೊಲಿಗೆ ಗುಂಪಲ್ಲಿ ಕೂತ್ಕೊಂಡು ಅವರಿಗೆ ಸೂಜಿಗೆ ದಾರ ಪೋಣಿಸಿ ಕೊಡ್ತಿದ್ರಂತೆ. ಅವರಿಗೆಲ್ಲ ಕಣ್ಣು ಮಂಜು. ಇವರದು ಆಪರೇಷನ್ ಆಗಿತ್ತಲ್ಲ, ಚೆನ್ನಾಗಿ ಕಾಣ್ತಿತ್ತು. ಪೋಣಿಸೋದು, ಕೊಡೋದು, ಅವರು ಅಮ್ಮನ ಬಗ್ಗೆ ಮಾತಾಡೋದನ್ನ ಕೇಳೋದು. ಅಷ್ಟೇ.'

ಅವಳು ನೀರು ಕುಡಿದಳು.

'ಕ್ಲೇರ್ ನನ್ನ ಕೈ ಹಿಡ್ಕೊಂಡು ಹೇಳಿದ್ಲು, ನಿಮ್ಮಪ್ಪನಷ್ಟು ಮೌನಿಯನ್ನ ನಾನು ಈ ಊರಲ್ಲಿ ನೋಡೇ ಇಲ್ಲ ಅಂತ. ಲೀಲಾ ಮಾತ್ರ ಯಾವಾಗಲೂ, ನನ್ನ ಗಂಡ ಬೆಳಗಿಂದ ಸಂಜೆವರೆಗೂ ಬಾಯಿ ಮುಚ್ಚಲ್ಲ ಅನ್ನೋಳು, ಆ ಹುಡುಗಿ ಎಷ್ಟು ತಮಾಷೆ ಮಾಡ್ತಿದ್ಲು ಅಂತ ನಕ್ಕಳು.'

'ನೀನೇನಂದೆ?' ಎಂದು ಕೇಳಿದೆ.

'ಹೌದು, ನಮ್ಮಮ್ಮ ತುಂಬಾ ತಮಾಷೆ ಮಾಡೋಳು ಅಂದೆ.'